ಹ್ಯಾರಿ ಬ್ರೌನ್: ಮೈಕಲ್ ಕೇನ್ ಅಭಿನಯದ ಸುತ್ತಲಿನ ತಕರಾರು

2009ರ ಬ್ರಿಟಿಷ್ ಸಿನಿಮಾ ‘ಹ್ಯಾರಿ ಬ್ರೌನ್’ ಬಗ್ಗೆ ಮಾತು ಬಂದಾಗಲೆಲ್ಲ ಮೂರು ಥರದ ಅಭಿಪ್ರಾಯ ಕೇಳಿಬರುತ್ತದೆ. ಮೈಕಲ್ ಕೇನ್ ಅವರ ಇಳಿವಯಸ್ಸಿನ ಅತ್ಯುತ್ತಮ ಅಭಿನಯ ಇದೇ ಎಂದು ಗಟ್ಟಿಯಾಗಿ ವಾದಿಸುವವರಿದ್ದಾರೆ. ನಟನೆಯೇನೋ ಚೆನ್ನಾಗಿದೆ, ಆದರೆ ಒರಟು ರಾಜಕೀಯದ ಸಿನಿಮಾಕ್ಕೆ ಮರ್ಯಾದೆ ತಂದುಕೊಡಲು ಅದನ್ನು ಬಳಸಿಕೊಂಡಿದ್ದಾರೆ ಎನ್ನುವವರಿದ್ದಾರೆ. ಇನ್ನುಳಿದವರದು ನೇರ ಪ್ರಶ್ನೆ: ಶ್ವಾಸಕೋಶ ಕೆಟ್ಟಿರುವ ಮುದುಕ ಇಷ್ಟು ಜನರನ್ನು ಮುಗಿಸುವುದನ್ನು ನಂಬುವುದು ಹೇಗೆ? ಈ ಮೂರನ್ನೂ ಸಿನಿಮಾದ ದೃಶ್ಯಗಳ ಪಕ್ಕದಲ್ಲಿಟ್ಟು ನೋಡಿದರೆ ಯಾರ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ ಅನ್ನುವುದು ತಿಳಿಯುತ್ತದೆ. ಕಥೆ ಕೊನೆಯವರೆಗೂ ಇಲ್ಲಿ ಬರುತ್ತದೆ, ಆದ್ದರಿಂದ ನೋಡದವರು ಮೊದಲು ನೋಡಿಬಿಡುವುದು ಒಳ್ಳೆಯದು.

ಸಿನಿಮಾದ ಅವಧಿ 103 ನಿಮಿಷ. ಜಾಹೀರಾತು ಕ್ಷೇತ್ರದಿಂದ ಬಂದ ಡೇನಿಯಲ್ ಬಾರ್ಬರ್ ಅವರಿಗೆ ಇದು ಮೊದಲ ಪೂರ್ಣಪ್ರಮಾಣದ ಚಿತ್ರ. ಚಿತ್ರಕಥೆ ಗ್ಯಾರಿ ಯಂಗ್, ಛಾಯಾಗ್ರಹಣ ಮಾರ್ಟಿನ್ ರೂಹೆ. ಕಥೆ ನಡೆಯುವುದು ದಕ್ಷಿಣ ಲಂಡನ್ನಿನ ಒಂದು ಕೌನ್ಸಿಲ್ ಎಸ್ಟೇಟಿನಲ್ಲಿ, ಅಂದರೆ ಸ್ಥಳೀಯ ಆಡಳಿತ ಕಟ್ಟಿಸಿಕೊಟ್ಟ ಬಾಡಿಗೆ ಮನೆಗಳ ದೊಡ್ಡ ಕಾಂಕ್ರೀಟ್ ಸಮುಚ್ಚಯದಲ್ಲಿ. ಚಿತ್ರೀಕರಣದ ಬಹುಭಾಗ ಎಲಿಫೆಂಟ್ ಅಂಡ್ ಕ್ಯಾಸಲ್ ಎಂಬ ಪ್ರದೇಶದ ಬಳಿಯ ಹೇಗೇಟ್ ಎಸ್ಟೇಟಿನಲ್ಲಿ ನಡೆಯಿತು. 1974ರಲ್ಲಿ ಮುಗಿದ ಆ ಕಟ್ಟಡಗಳನ್ನು ಆಗಲೇ ಖಾಲಿ ಮಾಡಿಸುತ್ತಿದ್ದರು. 2011 ಮತ್ತು 2014ರ ನಡುವೆ ಅವನ್ನು ಕೆಡವಿದರು. ಕೇನ್ ಬೆಳೆದದ್ದು ಇದೇ ಸುತ್ತಿನಲ್ಲಿ. ಹ್ಯಾರಿಯ ಮಾತಿನ ಧಾಟಿಗೆ ಅವರು ಎಲ್ಲೂ ಪ್ರಯಾಸಪಟ್ಟಂತೆ ಕಾಣದಿರುವುದಕ್ಕೆ ಒಂದು ಕಾರಣ ಅದು.

ಹ್ಯಾರಿ ನಿವೃತ್ತ ರಾಯಲ್ ಮರೀನ್, ಅಂದರೆ ಬ್ರಿಟಿಷ್ ನೌಕಾಪಡೆಯ ಸೈನಿಕ, ಉತ್ತರ ಐರ್ಲೆಂಡಿನ ಸಶಸ್ತ್ರ ಸಂಘರ್ಷದ ಕಾಲದಲ್ಲಿ ಅಲ್ಲಿ ಸೇವೆ ಮಾಡಿ ಬಂದವನು. ಹೆಂಡತಿ ಕ್ಯಾಥ್ ಆಸ್ಪತ್ರೆಯಲ್ಲಿ ಕೊನೆಯ ದಿನ ಎಣಿಸುತ್ತಿದ್ದಾಳೆ. ಪಬ್ಬಿನಲ್ಲಿ ಚೆಸ್ ಆಡಲು ಉಳಿದಿರುವ ಒಬ್ಬನೇ ಗೆಳೆಯ ಲೆನ್. ಎಸ್ಟೇಟಿನ ಪಾದಚಾರಿ ಸುರಂಗ ಹುಡುಗರ ಗ್ಯಾಂಗಿನ ವಶದಲ್ಲಿದೆ. ಮೊದಲು ಕ್ಯಾಥ್ ಸಾಯುತ್ತಾಳೆ, ಆಮೇಲೆ ಲೆನ್ ಕೊಲೆಯಾಗುತ್ತಾನೆ. ಮುಂದೆ ಹ್ಯಾರಿ ಆ ಹುಡುಗರ ಮೇಲೆ ಸೇಡು ತೀರಿಸಿಕೊಳ್ಳುವುದನ್ನು ಈ ಜಾತಿಯ ಸಿನಿಮಾ ನೋಡಿದ ಯಾರಾದರೂ ಊಹಿಸಬಲ್ಲರು.

ಕೇನ್ ಅವರನ್ನು ಹೊಗಳುವವರು ಸಾಮಾನ್ಯವಾಗಿ ಬಂದೂಕಿನ ದೃಶ್ಯಗಳನ್ನು ನೆನಪಿಸುತ್ತಾರೆ. ನಿಜವಾದ ಕೆಲಸ ನಡೆದಿರುವುದು ಅದಕ್ಕಿಂತ ಎಷ್ಟೋ ಮೊದಲು, ಆರಂಭದ ಅರ್ಧ ಗಂಟೆಯಲ್ಲಿ. ಅಲ್ಲಿ ಹ್ಯಾರಿಗೆ ಸಂಭಾಷಣೆಯೇ ಕಡಿಮೆ. ಒಬ್ಬನೇ ಏಳುತ್ತಾನೆ, ತಿಂಡಿ ಮಾಡಿಕೊಳ್ಳುತ್ತಾನೆ, ಕಿಟಕಿಯಿಂದ ಕೆಳಗಿನ ಗಲಾಟೆ ನೋಡುತ್ತಾನೆ, ಸುರಂಗದ ಹತ್ತಿರ ಹೋಗಿ ಒಳಗೆ ಕಾಲಿಡದೆ ಸುತ್ತುದಾರಿ ಹಿಡಿದು ಆಸ್ಪತ್ರೆ ಸೇರುತ್ತಾನೆ. ಸುರಂಗ ತಪ್ಪಿಸುವುದನ್ನು ಕೇನ್ ಭಯವೆಂದು ತೋರಿಸುವುದಿಲ್ಲ. ವರ್ಷಗಟ್ಟಲೆ ಮಾಡಿ ಮಾಡಿ ಅಭ್ಯಾಸವಾಗಿಹೋದ ಕೆಲಸದಂತೆ ಅದನ್ನು ಮಾಡುತ್ತಾರೆ. ಹಾಗಾಗಿಯೇ ಕ್ಯಾಥ್ ಸ್ಥಿತಿ ಬಿಗಡಾಯಿಸಿದೆ ಎಂದು ರಾತ್ರಿ ಕರೆ ಬಂದಾಗಲೂ ಹ್ಯಾರಿ ಮಳೆಯಲ್ಲಿ ಅದೇ ಸುತ್ತುದಾರಿ ಹಿಡಿದು, ಹೆಂಡತಿಯ ಕೊನೆಯುಸಿರಿಗೂ ಸಿಗದೆ ಹೋಗುವುದು ಅಷ್ಟು ಆಳಕ್ಕೆ ತಾಗುತ್ತದೆ. ಹ್ಯಾರಿಯ ಸಿಟ್ಟಿನ ಬೇರು ಇರುವುದು ಇಲ್ಲಿ. ಲೆನ್ ಕೊಲೆ ಅದನ್ನು ಕೆದಕುತ್ತದೆ ಅಷ್ಟೆ. ಸೇಡಿನ ಕಥೆಯೆಂದು ಮಾತ್ರ ಇದನ್ನು ನೋಡುವವರು ಈ ಬೇರನ್ನು ಗಮನಿಸುವುದಿಲ್ಲ. ಹಾಗಾಗಿ ಅವರಿಗೆ ಕೇನ್ ಮುಖದಲ್ಲಿ ಕಾಣುವ ಅವಮಾನ ಬರೀ ದುಃಖವೆಂದು ತೋರುತ್ತದೆ.

ಈ ನಟನೆಯನ್ನು ಅಳೆಯಲು ಕೇನ್ ಅವರೇ ಒಂದು ಅಳತೆಗೋಲು ಕೊಟ್ಟಿದ್ದಾರೆ. 1987ರಲ್ಲಿ ಬಿಬಿಸಿಗಾಗಿ ಅವರು ಸಿನಿಮಾ ನಟನೆಯ ಬಗ್ಗೆ ಯುವನಟರಿಗೆ ಪಾಠ ಮಾಡಿದ್ದರು. ಅದರಲ್ಲಿ ಬಹಳ ಜನ ನೆನಪಿಟ್ಟುಕೊಂಡಿರುವ ಮಾತುಗಳು ಮೂರು. ಕ್ಲೋಸಪ್ಪಿನಲ್ಲಿ ರೆಪ್ಪೆ ಬಡಿದರೆ ಪಾತ್ರ ದುರ್ಬಲವಾಗುತ್ತದೆ, ಬಡಿಯದಿದ್ದರೆ ಬಲ ಬರುತ್ತದೆ. ಎದುರಿನ ನಟನ ಎರಡು ಕಣ್ಣುಗಳ ನಡುವೆ ನೋಟ ಓಡಾಡಿಸಬಾರದು, ಕ್ಯಾಮೆರಾಕ್ಕೆ ಹತ್ತಿರವಿರುವ ಒಂದೇ ಕಣ್ಣನ್ನು ನೋಡಬೇಕು. ಕುಡಿದವನ ಪಾತ್ರ ಮಾಡುವಾಗ ತೂರಾಡಬಾರದು. ಕುಡಿದವನು ನೆಟ್ಟಗೆ ನಡೆಯಲು, ಸ್ಪಷ್ಟವಾಗಿ ಮಾತಾಡಲು ಒದ್ದಾಡುತ್ತಾನೆ, ಆ ಒದ್ದಾಟವನ್ನೇ ನಟಿಸಬೇಕು.

ಲೆನ್‌ನ ಅಂತ್ಯಸಂಸ್ಕಾರ ಮುಗಿಸಿ, ಕುಡಿದು, ಕಾಲುವೆ ದಂಡೆಯಲ್ಲಿ ಮನೆಗೆ ಹೋಗುವ ದೃಶ್ಯಕ್ಕೆ ಮೂರನೆಯ ಮಾತನ್ನು ಹಿಡಿದು ನೋಡಿ. ಹ್ಯಾರಿ ಕುಡಿದಿದ್ದಾನೆ ಅನ್ನುವುದು ಅವನು ಎಷ್ಟು ಜೋಪಾನವಾಗಿ ಹೆಜ್ಜೆ ಇಡುತ್ತಾನೆ ಅನ್ನುವುದರಿಂದಲೇ ಗೊತ್ತಾಗುತ್ತದೆ. ಒಬ್ಬ ಹುಡುಗ ಚಾಕು ತೋರಿಸಿ ದೋಚಲು ಬರುತ್ತಾನೆ. ಕ್ಷಣಮಾತ್ರದಲ್ಲಿ ಆ ಚಾಕು ಹುಡುಗನ ಎದೆಯಲ್ಲಿರುತ್ತದೆ. ಇಲ್ಲಿ ಕೈ ಮುಂದೆ, ಮನಸ್ಸು ಹಿಂದೆ. ಸೈನ್ಯದ ತರಬೇತಿ ಮೈಯಲ್ಲಿ ಉಳಿದಿತ್ತು, ಅದು ತಾನಾಗಿ ಎದ್ದಿತು. ಅದಕ್ಕೂ ಮೊದಲು ಲೆನ್ ಹಳೆಯ ದಿನಗಳ ಬಗ್ಗೆ ಕೇಳಿದಾಗ ಹ್ಯಾರಿ, ಕ್ಯಾಥ್ ಸಿಕ್ಕ ಮೇಲೆ ಅದನ್ನೆಲ್ಲ ಬೀಗ ಹಾಕಿ ಇಟ್ಟುಬಿಟ್ಟೆ ಎಂಬರ್ಥದ ಮಾತಾಡಿರುತ್ತಾನೆ. ಆ ಸಂಭಾಷಣೆಯನ್ನು ಕೇನ್ ಯಾವ ಒತ್ತೂ ಕೊಡದೆ ಹೇಳಿರುವುದರಿಂದ ಕಾಲುವೆಯ ದೃಶ್ಯ ಬರುವವರೆಗೆ ಅದು ಪ್ರೇಕ್ಷಕರ ತಲೆಯಲ್ಲಿ ಮುಖ್ಯವಾಗಿ ಕೂತಿರುವುದೇ ಇಲ್ಲ.

ಇನ್ನೊಂದು ದೃಶ್ಯವೂ ಅಷ್ಟೇ ಸೂಕ್ಷ್ಮವಾದದ್ದು. ಎಮಿಲಿ ಮಾರ್ಟಿಮರ್ ಮಾಡಿರುವ ಪೊಲೀಸ್ ಅಧಿಕಾರಿ ಫ್ರಾಂಪ್ಟನ್ ಬಂದು ಕೇಸಿನ ಸ್ಥಿತಿ ವಿವರಿಸುತ್ತಾಳೆ: ಲೆನ್ ಆತ್ಮರಕ್ಷಣೆಗೆಂದು ಇಟ್ಟುಕೊಂಡಿದ್ದ ಹಳೆಯ ಬಯೊನೆಟ್ಟಿನಿಂದಲೇ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಅವನು ಸತ್ತಿದ್ದಾನೆ, ಆದ್ದರಿಂದ ಹುಡುಗರು ತಾವೇ ಆತ್ಮರಕ್ಷಣೆ ಮಾಡಿಕೊಂಡೆವೆಂದು ವಾದಿಸಬಹುದು, ಆರೋಪ ಕೊಲೆಯಿಂದ ಕೆಳಗಿಳಿಯಬಹುದು. ಇಡೀ ಕಥೆ ತಿರುಗುವ ಬಾಗಿಲು ಇದು. ಬೇರೆ ನಟರು ಇಲ್ಲಿ ಹಲ್ಲು ಕಚ್ಚುತ್ತಿದ್ದರು, ಮುಷ್ಟಿ ಬಿಗಿಯುತ್ತಿದ್ದರು. ಕೇನ್ ಕೇಳಿಸಿಕೊಳ್ಳುತ್ತಾರೆ, ಅಷ್ಟೆ. ಆ ಮೌನವನ್ನು ತುಂಬಿಸುವ ಹೊಣೆ ಮಾರ್ಟಿಮರ್ ಮೇಲೆ ಬೀಳುತ್ತದೆ, ಅವರು ತಡವರಿಸುತ್ತಾರೆ. ಅಧಿಕಾರಿಯ ಪಾತ್ರಕ್ಕೆ ಮಾರ್ಟಿಮರ್ ತೀರಾ ಮೆದುವಾದರು ಎಂಬ ದೂರು ಸಾಮಾನ್ಯ. ಈ ದೃಶ್ಯದ ಮಟ್ಟಿಗೆ ಆ ಮೆದುತನವೇ ಸರಿ. ಅವಳು ಗಟ್ಟಿಯಾಗಿದ್ದರೆ ಹ್ಯಾರಿಗೆ ಅವಳ ಮೇಲೆ ಕನಿಕರ ಬರುತ್ತಿರಲಿಲ್ಲ, ಕನಿಕರ ಬರದಿದ್ದರೆ ಕೊನೆಯ ಪಬ್ಬಿನ ದೃಶ್ಯಕ್ಕೆ ಕಾರಣವೇ ಉಳಿಯುತ್ತಿರಲಿಲ್ಲ.

ಆಮೇಲೆ ಬರುವುದು ಎಲ್ಲರೂ ಮಾತಾಡುವ ದೃಶ್ಯ. ಬಂದೂಕು ಕೊಳ್ಳಲು ಹ್ಯಾರಿ ಇಬ್ಬರು ಮಾದಕವಸ್ತು ಮಾರಾಟಗಾರರ ಅಡ್ಡೆಗೆ ಹೋಗುತ್ತಾನೆ. ಒಳಗೆ ಗಾಂಜಾ ಗಿಡಗಳ ಕೋಣೆ, ಅದರಾಚೆ ಸ್ಟ್ರೆಚ್ ಎಂಬ ವ್ಯಸನಿಯಾಗಿ ಶಾನ್ ಹ್ಯಾರಿಸ್, ಸೋಫಾದ ಮೇಲೆ ಅತಿಯಾದ ಡೋಸಿನಿಂದ ಪ್ರಜ್ಞೆ ತಪ್ಪುತ್ತಿರುವ ಒಬ್ಬಳು ಹುಡುಗಿ. ಹ್ಯಾರಿಸ್ ಇಲ್ಲಿ ಕೇನ್‌ಗೆ ತದ್ವಿರುದ್ಧವಾದ ದಾರಿ ಹಿಡಿದಿದ್ದಾರೆ. ಮೈತುಂಬ ಕಲೆ, ಎಲ್ಲೋ ಕಳೆದುಹೋದ ಕಣ್ಣು, ಎಳೆದೆಳೆದು ಆಡುವ ಮಾತು, ಯಾವಾಗ ಏನು ಮಾಡುತ್ತಾನೋ ಎಂಬ ದಿಗಿಲು. ಈ ದೃಶ್ಯವನ್ನು ಹ್ಯಾರಿಸ್ ಕದ್ದುಬಿಟ್ಟರು ಎನ್ನುವವರಿದ್ದಾರೆ. ಆದರೆ ದೃಶ್ಯದ ಲಗಾಮು ಇರುವುದು ಕೇನ್ ಕೈಯಲ್ಲಿ. ಅವರು ಅಡ್ಡೆಯೊಳಗೆ ತಮ್ಮನ್ನು ಆದಷ್ಟು ಚಿಕ್ಕದಾಗಿಸಿಕೊಳ್ಳುತ್ತಾರೆ: ದನಿ ತಗ್ಗಿಸಿ, ಮರ್ಯಾದೆಯಿಂದ, ಅಂಗಡಿಗೆ ಬಂದ ಹಿರಿಯ ಗಿರಾಕಿಯಂತೆ. ಆ ಹುಡುಗಿಗೆ ಸಹಾಯ ಬೇಕಾಗಿದೆ ಎಂದು ಹೇಳಿಯೂ ನೋಡುತ್ತಾರೆ. ಅದನ್ನು ಅವರಿಬ್ಬರು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಬಂದೂಕು ಕೈಗೆ ಬಂದ ಮೇಲೆ ಅದನ್ನು ಹಿಡಿಯುವ ರೀತಿಯಲ್ಲಿ ಮಾತ್ರ ಬದಲಾವಣೆ ಕಾಣುತ್ತದೆ, ಮುಖ ಬದಲಾಗುವುದಿಲ್ಲ.

ಸ್ಟ್ರೆಚ್‌ನ ಪಿಸ್ತೂಲು ಗುಂಡು ಹಾರದೆ ಸಿಕ್ಕಿಹಾಕಿಕೊಳ್ಳುತ್ತದೆ. ಆಯುಧವನ್ನು ಸರಿಯಾಗಿ ನೋಡಿಕೊಂಡಿಲ್ಲ ಎಂದು ಹ್ಯಾರಿ ಹೇಳುವ ಮಾತು ಟ್ರೇಲರಿನಿಂದಾಗಿ ಪ್ರಸಿದ್ಧವಾಯಿತು, ಅದಕ್ಕೆ ಚಪ್ಪಾಳೆಯೂ ಬಿತ್ತು. ಆ ಮಾತನ್ನು ಕೇನ್ ಪಂಚ್ ಡೈಲಾಗಿನಂತೆ ಎಸೆಯುವುದಿಲ್ಲ. ತರಬೇತಿ ಕೊಡುವ ಹಳೆಯ ಸಾರ್ಜೆಂಟ್ ಹೊಸಬನಿಗೆ ಹೇಳುವಷ್ಟು ಸಪ್ಪೆಯಾಗಿ ಹೇಳುತ್ತಾರೆ. ನಮ್ಮ ಮಾಸ್ ಚಿತ್ರಗಳಲ್ಲಾದರೆ ಇಷ್ಟು ಹೊತ್ತಿಗೆ ಹಿನ್ನೆಲೆ ಸಂಗೀತ ಏರಿ, ನಡಿಗೆ ಸ್ಲೋ ಮೋಷನ್ನಿಗೆ ಇಳಿದಿರುತ್ತಿತ್ತು. ಹೊಟ್ಟೆಗೆ ಗುಂಡು ಬಿದ್ದ ಸ್ಟ್ರೆಚ್‌ನ ಪಕ್ಕ ಕೂತು ಹ್ಯಾರಿ ಯುದ್ಧದ ದಿನಗಳ ಒಂದು ಸಾವಿನ ಬಗ್ಗೆ ಹೇಳುತ್ತಾನೆ. ಇಡೀ ಸಿನಿಮಾದಲ್ಲಿ ಅತ್ಯಂತ ಭಯ ಹುಟ್ಟಿಸುವ ಭಾಗ ಅದು. ಬೀಗ ಹಾಕಿಟ್ಟದ್ದು ಏನಿತ್ತು ಅನ್ನುವುದು ಅಲ್ಲಿ ಕಾಣುತ್ತದೆ, ಮತ್ತು ಅದನ್ನು ನೋಡಿ ಖುಷಿಪಡಲು ಕೇನ್ ನಮಗೆ ಅವಕಾಶ ಕೊಡುವುದಿಲ್ಲ. ಅಭಿಮಾನಿಗಳ ಮಾತು ಇಲ್ಲಿಯವರೆಗೆ ಪೂರ್ತಿ ಸರಿ.

ಇಲ್ಲಿಂದ ಮುಂದೆ ಆ ಮಾತು ಸಡಿಲಾಗುತ್ತದೆ. ತಪ್ಪು ಕೇನ್ ಅವರದಲ್ಲ, ಚಿತ್ರಕಥೆಯದು. ಸಿನಿಮಾ ನಟನೆ ಎದುರಿನವರನ್ನು ಅವಲಂಬಿಸಿದ ಕೆಲಸ. ಮೊದಲರ್ಧದಲ್ಲಿ ಕೇನ್ ಎದುರಿಗೆ ಡೇವಿಡ್ ಬ್ರಾಡ್ಲಿ ಇದ್ದಾರೆ. ಲೆನ್‌ನ ಹೆದರಿಕೆಯನ್ನೂ ರೋಷವನ್ನೂ ಒಟ್ಟಿಗೆ ಹಿಡಿದ ಬ್ರಾಡ್ಲಿ ನಟನೆಗೆ ಸಿಗಬೇಕಾದಷ್ಟು ಹೊಗಳಿಕೆ ಸಿಕ್ಕಿಲ್ಲ. ಮಾರ್ಟಿಮರ್ ಇದ್ದಾರೆ, ಹ್ಯಾರಿಸ್ ಇದ್ದಾರೆ. ಎರಡನೆಯ ಅರ್ಧದಲ್ಲಿ ಎದುರಿಗಿರುವುದು ಗ್ಯಾಂಗಿನ ನಾಯಕ ನೋಯೆಲ್. ಆ ಪಾತ್ರ ಮಾಡಿದ ಬೆನ್ ಡ್ರೂ ‘ಪ್ಲಾನ್ ಬಿ’ ಹೆಸರಿನಲ್ಲಿ ಹಾಡುವ ರ್ಯಾಪರ್, ಮುಂದೆ 2012ರಲ್ಲಿ ‘ಇಲ್ ಮ್ಯಾನರ್ಸ್’ ನಿರ್ದೇಶಿಸಿ ಇಂಥದೇ ಹುಡುಗರ ಬದುಕನ್ನು ಒಳಗಿನಿಂದ ತೋರಿಸಿದವರು. ಅಂಥ ನಟನಿಗೆ ಇಲ್ಲಿ ಸಿಕ್ಕಿರುವುದು ಬೈಯುವುದು, ಗುರಾಯಿಸುವುದು. ನೋಯೆಲ್ ಯಾಕೆ ಹೀಗಾದ ಎನ್ನಲು ಒಂದು ದೃಶ್ಯವೂ ಇಲ್ಲ. ಎದುರಿಗೆ ಬರೀ ಗೋಡೆಯಿದ್ದರೆ ಎಂಥ ನಟನೂ ಚೆಂಡು ಎಸೆದು ವಾಪಸ್ ಹಿಡಿಯುವುದನ್ನಷ್ಟೇ ಮಾಡಬಲ್ಲ.

ಇದಕ್ಕೆ ಅಪವಾದ ಮಾರ್ಕಿ. ಆಗಿನ್ನೂ ಹದಿಹರೆಯದಲ್ಲಿದ್ದ ಜ್ಯಾಕ್ ಓಕಾನಲ್ ಮಾಡಿರುವ ಈ ಹುಡುಗ ಗ್ಯಾಂಗಿನಲ್ಲಿದ್ದಾನೆ, ಅದೇ ಹೊತ್ತಿಗೆ ದೊಡ್ಡವರ ಕೈಯಲ್ಲಿ ನಲುಗುತ್ತಿರುವವನೂ ಹೌದು. ಹ್ಯಾರಿ ಅವನನ್ನು ಕಟ್ಟಿಹಾಕಿ ಬಾಯಿ ಬಿಡಿಸುತ್ತಾನೆ, ಲೆನ್ ಕೊಲೆಯ ಮೊಬೈಲ್ ವಿಡಿಯೊ ನೋಡುತ್ತಾನೆ, ಆಮೇಲೆ ಉಳಿದವರನ್ನು ಹಿಡಿಯಲು ಅವನನ್ನೇ ಬಲಿಪಶುವಿನಂತೆ ಸುರಂಗಕ್ಕೆ ಎಳೆದೊಯ್ಯುತ್ತಾನೆ. ಗುಂಡಿನ ಚಕಮಕಿಯಲ್ಲಿ ಮಾರ್ಕಿ ಸಾಯುತ್ತಾನೆ. ಓಕಾನಲ್ ಇಲ್ಲಿ ಮಗುವಿನಂತೆ ಅಳುತ್ತಾರೆ, ಕೇನ್ ಕರಗುವುದಿಲ್ಲ. ಹ್ಯಾರಿಯನ್ನು ಒಳ್ಳೆಯವನೆಂದು ಒಪ್ಪಿಕೊಂಡು ಕೂತಿದ್ದ ಪ್ರೇಕ್ಷಕ ಇಲ್ಲಿ ತಡೆದು ಯೋಚಿಸಬೇಕಿತ್ತು. ಆ ಸಾವಿನ ಭಾರ ಹ್ಯಾರಿಯ ಮೇಲೆ ಬೀಳಲು ಒಂದು ನಿಮಿಷ ಕೊಟ್ಟಿದ್ದರೂ ಸಿನಿಮಾದ ತೂಕವೇ ಬೇರೆಯಾಗುತ್ತಿತ್ತು. ನಿರ್ದೇಶಕರು ಕೊಡುವುದಿಲ್ಲ, ಕಥೆ ಬೆನ್ನಟ್ಟುವ ದೃಶ್ಯಕ್ಕೆ ಓಡುತ್ತದೆ. ಎರಡನೆಯ ಗುಂಪಿನ ಆಕ್ಷೇಪಕ್ಕೆ ಬಲ ಬರುವುದು ಇಲ್ಲೇ.

ಆ ಆಕ್ಷೇಪಕ್ಕೆ ಬ್ರಿಟನ್ನಿನದೇ ಹಿನ್ನೆಲೆಯಿದೆ. ಆ ವರ್ಷಗಳಲ್ಲಿ ಅಲ್ಲಿನ ಪತ್ರಿಕೆಗಳ ತುಂಬ ಹೂಡಿ (ತಲೆ ಮುಚ್ಚುವ ಟೋಪಿಯಿರುವ ಅಂಗಿ) ತೊಟ್ಟ ಹುಡುಗರ ಚಾಕು ಇರಿತದ ಸುದ್ದಿ, ಅದೇ ಭೀತಿಯನ್ನು ಬಂಡವಾಳ ಮಾಡಿಕೊಂಡ ಸಿನಿಮಾಗಳು. ‘ಹ್ಯಾರಿ ಬ್ರೌನ್’ ಬ್ರಿಟನ್ನಿನಲ್ಲಿ ಬಿಡುಗಡೆಯಾದದ್ದು 2009ರ ನವೆಂಬರಿನಲ್ಲಿ. 2010ರ ಚುನಾವಣೆಗೆ ಮುನ್ನ, ಏಪ್ರಿಲಿನಲ್ಲಿ, ಕನ್ಸರ್ವೇಟಿವ್ ಪಕ್ಷದ ಡೇವಿಡ್ ಕ್ಯಾಮರನ್ ಯುವಜನರಿಗಾಗಿ ರಾಷ್ಟ್ರೀಯ ಸೇವಾ ಯೋಜನೆಯೊಂದನ್ನು ಪ್ರಕಟಿಸಿದಾಗ ಪಕ್ಕದಲ್ಲಿ ಕೇನ್ ನಿಂತಿದ್ದರು. ಹಾಗಾಗಿ ಹ್ಯಾರಿಯ ಮಾತುಗಳನ್ನು ಕೇನ್ ಅವರದೇ ರಾಜಕೀಯವೆಂದು ಓದುವವರು ಹುಟ್ಟಿಕೊಂಡರು. ವಿಶೇಷವಾಗಿ, ಉತ್ತರ ಐರ್ಲೆಂಡಿನವರು ಏನೋ ಒಂದು ಉದ್ದೇಶಕ್ಕಾಗಿ ಹೋರಾಡುತ್ತಿದ್ದರು, ಈ ಹುಡುಗರಿಗೆ ಇದೆಲ್ಲ ಬರೀ ಮನರಂಜನೆ ಎಂದು ಫ್ರಾಂಪ್ಟನ್‌ಗೆ ಹ್ಯಾರಿ ಹೇಳುವ ಮಾತು. ಆದರೆ ಪಾತ್ರದ ಅಭಿಪ್ರಾಯವನ್ನು ಪಾತ್ರದ ಬಾಯಲ್ಲಿ ಪ್ರಾಮಾಣಿಕವಾಗಿ ಆಡುವುದು ನಟನ ಕರ್ತವ್ಯ. ಆ ಮಾತಿಗೆ ಎದುರುಮಾತು ಇಡಬೇಕಾದದ್ದು ಸಿನಿಮಾ. ನೋಯೆಲ್‌ಗಾಗಲಿ ಮಾರ್ಕಿಗಾಗಲಿ ಅದಕ್ಕೆ ಸಾಟಿಯಾಗಿ ಒಂದು ಮಾತನ್ನೂ ಬರೆದಿಲ್ಲ. ಕೇನ್ ಕಡಿಮೆ ಚೆನ್ನಾಗಿ ನಟಿಸಿದ್ದರೆ ಈ ಕೊರತೆ ಇಷ್ಟು ಚುಚ್ಚುತ್ತಿರಲಿಲ್ಲ. ಹ್ಯಾರಿ ಅಷ್ಟು ನಿಜವಾಗಿರುವುದರಿಂದಲೇ ಹುಡುಗರು ಇಷ್ಟು ಸುಳ್ಳಾಗಿ ಕಾಣುತ್ತಾರೆ.

ಇನ್ನು ದೇಹದ ಪ್ರಶ್ನೆ. ಆಗ ಕೇನ್‌ಗೆ 76. ಹ್ಯಾರಿಗಿರುವ ಕಾಯಿಲೆ ಎಂಫಿಸೀಮಾ. ಅದರಲ್ಲಿ ಶ್ವಾಸಕೋಶದ ಗಾಳಿಚೀಲಗಳ ಗೋಡೆ ಹಾಳಾಗುತ್ತದೆ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಅಂಥವರಿಗೆ ನಿಂತಲ್ಲಿ ಅಥವಾ ಕೂತಲ್ಲಿ ಒಂದು ಕ್ಷಣದ ಬಲಪ್ರಯೋಗ ಅಸಾಧ್ಯವೇನಲ್ಲ. ಓಡುವುದು, ಮೆಟ್ಟಿಲು ಹತ್ತುವುದು, ಒಂದೇ ಸಮ ಮೈದಣಿಸುವುದು ಕಷ್ಟ. ಈ ಲೆಕ್ಕದಲ್ಲಿ ನೋಡಿದರೆ ಹ್ಯಾರಿಯ ಹೊಡೆದಾಟಗಳು ಹೆಚ್ಚಿನವು ನಂಬುವಂತಿವೆ. ಕಾಲುವೆಯಲ್ಲಿ ಒಂದೇ ಏಟು, ಅಡ್ಡೆಯಲ್ಲಿ ಕೆಲವೇ ಹೆಜ್ಜೆ, ಉಳಿದದ್ದಕ್ಕೆ ಬಂದೂಕು. ಕೇನ್ ಎಲ್ಲೂ ಚುರುಕಾಗಿ ತಿರುಗುವುದಿಲ್ಲ, ತಿರುಗುವ ಮುಂಚೆ ತಡೆಯುತ್ತಾರೆ. ನೋಯೆಲ್‌ನನ್ನು ಅಟ್ಟಿಸಿಕೊಂಡು ಹೋದ ಹ್ಯಾರಿ ಉಸಿರು ಸಿಕ್ಕಿಕೊಂಡು ಕುಸಿಯುವುದು ಈ ಎಚ್ಚರದ ಫಲ. ಎರಡನೆಯ ಅರ್ಧದಲ್ಲಿ ಕೇನ್‌ಗೆ ನಟಿಸಲು ಏನಾದರೂ ಸಿಕ್ಕಿದ್ದರೆ ಅದು ಆ ಕುಸಿತ. ನಂಬಿಕೆ ಮುರಿಯುವುದು ಅದರ ಮುಂದಿನ ಹೆಜ್ಜೆಯಲ್ಲಿ. ಆಸ್ಪತ್ರೆ ಸೇರಿದವನು ಅಲ್ಲಿಂದ ಎದ್ದು, ಗಲಭೆಯಿಂದ ಹೊತ್ತಿ ಉರಿಯುತ್ತಿರುವ ಎಸ್ಟೇಟಿಗೆ ಮರಳಿ, ಪಬ್ಬಿನಲ್ಲಿ ಕೊನೆಯ ಗುಂಡು ಹಾರಿಸುತ್ತಾನೆ. ದೇಹವನ್ನು ಅಷ್ಟು ಲೆಕ್ಕವಿಟ್ಟು ಬಳಸಿದ ಸಿನಿಮಾ ಕ್ಲೈಮ್ಯಾಕ್ಸಿಗಾಗಿ ಆ ಲೆಕ್ಕವನ್ನೇ ಹರಿದುಹಾಕುತ್ತದೆ. ಇದು ಸಾಲದೆಂಬಂತೆ ಪಬ್ಬಿನ ಮಾಲೀಕ ಸಿಡ್, ಅಂದರೆ ಲಿಯಾಮ್ ಕನಿಂಗ್‌ಹ್ಯಾಮ್, ನೋಯೆಲ್‌ಗೆ ಸೋದರ ಸಂಬಂಧದ ಹಿರಿಯ ಎಂಬ ತಿರುವು ಬೇರೆ. ಅದರಿಂದ ಹ್ಯಾರಿಯ ಪಾತ್ರಕ್ಕೆ ಸಿಗುವುದು ಏನೂ ಇಲ್ಲ.

ಕೇನ್ ಅವರೇ ಜ್ಯಾಕ್ ಕಾರ್ಟರ್ ಆಗಿದ್ದ 1971ರ ‘ಗೆಟ್ ಕಾರ್ಟರ್’ ನೋಡಿದವರು ಹ್ಯಾರಿಯನ್ನು ಮುದುಕನಾದ ಜ್ಯಾಕ್ ಕಾರ್ಟರ್ ಎಂದು ಕರೆಯುವುದುಂಟು. ಕೇಳಲು ಚೆಂದ, ಆದರೆ ತಪ್ಪು ದಾರಿಗೆ ಎಳೆಯುವ ಹೋಲಿಕೆ. ಕಾರ್ಟರ್ ಹಿಂಸೆಯಲ್ಲೇ ಬದುಕು ಕಟ್ಟಿಕೊಂಡ ಗ್ಯಾಂಗ್‌ಸ್ಟರ್, ಅವನ ನಡಿಗೆಯಲ್ಲೇ ಜಂಬವಿದೆ. ಹ್ಯಾರಿ ಹಿಂಸೆಯನ್ನು ಬಿಟ್ಟು ಸಂಸಾರ ಕಟ್ಟಿಕೊಂಡವನು. ಹೋಲಿಸಲೇಬೇಕಿದ್ದರೆ 2008ರ ‘ಗ್ರ್ಯಾನ್ ಟೊರಿನೊ’ ಹತ್ತಿರದ್ದು. ಅಲ್ಲಿ 78ರ ಕ್ಲಿಂಟ್ ಈಸ್ಟ್‌ವುಡ್ ತಮ್ಮ ಹಳೆಯ ಪಾತ್ರಗಳ ವರ್ಚಸ್ಸನ್ನೇ ಪ್ರಶ್ನೆಗೆ ಒಡ್ಡಿ, ಕೊನೆಗೆ ಬಂದೂಕಿಲ್ಲದೆ ಎದುರಾಳಿಗಳ ಮುಂದೆ ನಿಲ್ಲುತ್ತಾರೆ. ನಟನಾಗಿ ಕೇನ್ ಈಸ್ಟ್‌ವುಡ್‌ಗಿಂತ ಸೂಕ್ಷ್ಮ. ಆದರೆ ಈಸ್ಟ್‌ವುಡ್‌ಗೆ ಸಿಕ್ಕ ಅಂತ್ಯ ಕೇನ್‌ಗೆ ಸಿಗಲಿಲ್ಲ. ‘ಹ್ಯಾರಿ ಬ್ರೌನ್’ ಮುಗಿಯುವುದು ಹ್ಯಾರಿ ಅದೇ ಸುರಂಗದತ್ತ ನೆಮ್ಮದಿಯಿಂದ ನಡೆದುಹೋಗುವುದರೊಂದಿಗೆ. ಇಷ್ಟು ಹೆಣ ಬಿದ್ದ ಮೇಲೆ ದಾರಿ ಸಲೀಸಾಯಿತು ಎಂಬ ಆ ಸಮಾಧಾನ, ಅಡ್ಡೆಯ ದೃಶ್ಯದಲ್ಲಿ ಕೇನ್ ಕಣ್ಣಲ್ಲಿ ಕಂಡದ್ದನ್ನು ಮರೆತಂತಿದೆ.

ನೋಡುವವರಿಗೆ ಕೆಲವು ಮಾತು. ಬ್ರಿಟನ್ನಿನಲ್ಲಿ ಇದಕ್ಕೆ ‘18’ ಪ್ರಮಾಣಪತ್ರ, ಅದಕ್ಕೆ ತಕ್ಕ ಕಾರಣಗಳಿವೆ: ಮೊಬೈಲಿನಲ್ಲಿ ಸೆರೆಹಿಡಿದಂತೆ ಚಿತ್ರಿಸಿದ ಆರಂಭದ ಗುಂಡೇಟು, ಅಡ್ಡೆಯ ದೃಶ್ಯದ ಲೈಂಗಿಕ ಶೋಷಣೆಯ ಸೂಚನೆಗಳು, ಮಾರ್ಕಿಯ ಮೇಲಿನ ಹಿಂಸೆ. ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಅಲ್ಲ. ರೂಹೆ ಅವರ ಛಾಯಾಗ್ರಹಣ ಬಹಳ ಕಡೆ ಕತ್ತಲೆಗೆ ವಾಲುತ್ತದೆ. ಫೋನಿನಲ್ಲಿ ಅಥವಾ ಹಗಲು ಬೆಳಕಿನ ಕೋಣೆಯಲ್ಲಿ ನೋಡಿದರೆ ಸುರಂಗವೂ ಅಡ್ಡೆಯೂ ಕಪ್ಪು ಮುದ್ದೆಯಾಗಿ, ಕೇನ್ ಕಣ್ಣುಗಳೇ ಕಾಣದೆ ಹೋಗುತ್ತವೆ. ಕಣ್ಣು ಕಾಣದಿದ್ದರೆ ಈ ನಟನೆಯಲ್ಲಿ ಅರ್ಧ ಹೋದಂತೆ. ಹುಡುಗರ ಮಾತು ದಕ್ಷಿಣ ಲಂಡನ್ನಿನ ಬೀದಿ ಇಂಗ್ಲಿಷ್, ವೇಗವೂ ಹೆಚ್ಚು; ಸಬ್‌ಟೈಟಲ್ ಹಾಕಿಕೊಳ್ಳಿ. ಆದರೆ ಹ್ಯಾರಿ ಮತ್ತು ಲೆನ್ ಪಬ್ಬಿನಲ್ಲಿ ಚೆಸ್ ಆಡುವ ಹೊತ್ತಿಗೆ ಅದನ್ನು ತೆಗೆದು, ಬರೀ ದನಿಗಳನ್ನು ಕೇಳಿ. ಬ್ರಾಡ್ಲಿ ಎಲ್ಲಿ ದನಿ ಏರಿಸುತ್ತಾರೆ, ಕೇನ್ ಎಲ್ಲಿ ಉತ್ತರ ಕೊಡದೆ ಬಿಡುತ್ತಾರೆ ಅನ್ನುವುದು ಓದುತ್ತ ಕೂತರೆ ತಪ್ಪಿಹೋಗುತ್ತದೆ.